ಅಮೆರಿಕದ ಊರಿನಲ್ಲಿ ಹಿಸ್ಟಾರಿಕಲ್ ಮಾರ್ಕರ್ ಹಾಕಿಸುವುದು: ಅರ್ಜಿ ವಾಪಸ್ ಬರದಂತೆ ಮಾಡುವ ಕ್ರಮ

"ಅರ್ಜಿ ವಾಪಸ್ ಬಂತು, ಏನು ತಪ್ಪಾಯಿತು ಅಂತ ಒಮ್ಮೆ ನೋಡ್ತೀರಾ?" ಈ ಪ್ರಶ್ನೆ ನನಗೆ ಪದೇಪದೇ ಬರುತ್ತದೆ. ಕೇಳುವವರಲ್ಲಿ ಲೈಬ್ರರಿಯ ಸ್ವಯಂಸೇವಕರಿದ್ದಾರೆ, ಮಕ್ಕಳ ಸ್ಕೌಟ್ ಪ್ರಾಜೆಕ್ಟ್‌ಗೆ ಓಡಾಡುವ ಅಪ್ಪ ಅಮ್ಮಂದಿರಿದ್ದಾರೆ, ನಿವೃತ್ತಿಯ ಮೇಲೆ ತಾವಿರುವ ಊರಿನ ಹಳೇ ಕತೆಗಳ ರುಚಿ ಹತ್ತಿದವರೂ ಇದ್ದಾರೆ. ಅರ್ಜಿ ತೆರೆದರೆ ತಪ್ಪು ಹೆಚ್ಚುಕಡಿಮೆ ಒಂದೇ. ಫಲಕದ ಮೇಲಿನ ಬರಹವನ್ನು ಮೊದಲು ಬರೆದಿರುತ್ತಾರೆ, ಸಾಕ್ಷಿಯನ್ನು ಆಮೇಲೆ ಹುಡುಕಿರುತ್ತಾರೆ. ಬರಹಕ್ಕೆ ಹೊಂದುವ ಸಾಕ್ಷಿ ಸಿಕ್ಕದಿದ್ದಾಗ ಬರಹ ಬಿಡಲು ಮನಸ್ಸು ಬರುವುದಿಲ್ಲ.

ಇಲ್ಲಿ ಮಾರ್ಕರ್ ಎಂದರೆ ರಸ್ತೆ ಬದಿಯಲ್ಲಿ ಕಂಬದ ಮೇಲೆ ನಿಂತಿರುವ ಎರಕದ ಲೋಹದ ಫಲಕ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆರನೆಯದನ್ನು ಬಿಟ್ಟು ಏಳಕ್ಕೆ ಹಾರಿದವರು ಯಾಕೆ ಒದ್ದಾಡುತ್ತಾರೆ ಎಂದು ಅಲ್ಲಿಗೆ ಬಂದಾಗ ಗೊತ್ತಾಗುತ್ತದೆ.

ಶುರು ಮಾಡುವ ಮೊದಲು ಬೇಕಾದದ್ದು

ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಲೈಬ್ರರಿಯ ಕಾರ್ಡ್, ಒಳ್ಳೆಯ ಕ್ಯಾಮೆರಾ ಇರುವ ಫೋನ್, 100 ಅಡಿಯ ಅಳತೆ ಟೇಪ್, ಕಂಪ್ಯೂಟರ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್. ಇವುಗಳ ಜೊತೆಗೆ ಸಮಯ. ಒಂದು ವರ್ಷಕ್ಕಿಂತ ಕಡಿಮೆ ಲೆಕ್ಕ ಇಟ್ಟುಕೊಳ್ಳಬೇಡಿ.

ಸ್ಕೌಟ್‌ನ ಅತಿ ಮೇಲಿನ ದರ್ಜೆಯಾದ ಈಗಲ್ ಸ್ಕೌಟ್‌ಗೆ ಬೇಕಾದ ಪ್ರಾಜೆಕ್ಟ್ ಆಗಿ ಇದನ್ನು ಎತ್ತಿಕೊಳ್ಳುವವರಿಗೆ ಒಂದು ಮಾತು. ಆ ಪ್ರಾಜೆಕ್ಟ್ 18ನೇ ಹುಟ್ಟುಹಬ್ಬದೊಳಗೆ ಮುಗಿಯಬೇಕು. ಹದಿನೇಳೂವರೆ ವರ್ಷದ ಹುಡುಗನಿಗೆ ಮಾರ್ಕರ್ ಅರ್ಜಿ ಹಚ್ಚಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಅಂಥವರು ಇರುವ ಮಾರ್ಕರ್‌ನ ಸುತ್ತ ಕಟ್ಟೆ, ಬೆಂಚು, ಕಾಲುದಾರಿ ಮಾಡುವುದು ವಾಸಿ.

1. ಈಗಾಗಲೇ ಮಾರ್ಕರ್ ಇದೆಯಾ ನೋಡಿ

2006ರಲ್ಲಿ ಶುರುವಾದ ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್ ಎಂಬ ಜಾಲತಾಣವಿದೆ. ಆಸಕ್ತರು ತೆಗೆದ ಫೋಟೊ, ಫಲಕದ ಪೂರ್ತಿ ಬರಹ, ನಕಾಶೆಯ ಮೇಲಿನ ಜಾಗ ಎಲ್ಲ ಅಲ್ಲಿ ಸಿಗುತ್ತದೆ. ನಿಮ್ಮ ಕೌಂಟಿಯ ಹೆಸರು ಹಾಕಿ ಪೂರ್ತಿ ಪಟ್ಟಿ ಓದಿ. ಆಮೇಲೆ ರಾಜ್ಯದ ಅಧಿಕೃತ ಪಟ್ಟಿಯನ್ನೂ ನೋಡಿ.

ನಿಮ್ಮ ವಿಷಯಕ್ಕೆ ಮೊದಲೇ ಫಲಕವಿದ್ದರೆ ಹೊಸದು ಸಿಗುವುದು ಕಷ್ಟ. ಆದರೆ ಹಳೆಯದು ಕಾಣೆಯಾಗಿದ್ದರೆ, ಅಥವಾ ಅದರ ಮೇಲಿನ ಮಾತು ತಪ್ಪಾಗಿದ್ದರೆ, ಬದಲಿ ಫಲಕಕ್ಕೆ ಬೇರೆ ದಾರಿ ಇದೆ. ಮೊದಲು ಅದನ್ನೇ ಕೇಳಿ.

2. ಯಾರ ಬಾಗಿಲು ತಟ್ಟಬೇಕು

ಅಮೆರಿಕದಲ್ಲಿ ಇದಕ್ಕೆಲ್ಲ ಒಂದೇ ಕಚೇರಿ ಇಲ್ಲ. ರಾಜ್ಯಕ್ಕೊಂದು ರೀತಿ. ಪಕ್ಕದ ರಾಜ್ಯದಲ್ಲಿರುವ ಸ್ನೇಹಿತರು ಕೊಟ್ಟ ಅರ್ಜಿಯನ್ನೇ ನಕಲು ಮಾಡಿ ಕಳಿಸಿ ಕೈಸುಟ್ಟುಕೊಂಡವರು ಇದ್ದಾರೆ.

ವರ್ಜೀನಿಯಾದ ಕಾರ್ಯಕ್ರಮ 1927ರಲ್ಲಿ ಶುರುವಾದದ್ದು. ಅಲ್ಲಿ ಫಲಕದ ಖರ್ಚು ಅರ್ಜಿದಾರರದೇ, ಒಪ್ಪಿಗೆ ಕೊಡುವುದು ರಾಜ್ಯದ ಮಂಡಳಿ. ಟೆಕ್ಸಸ್‌ನಲ್ಲಿ ಅರ್ಜಿ ಹೋಗಬೇಕಾದ್ದು ಕೌಂಟಿಯ ಹಿಸ್ಟಾರಿಕಲ್ ಕಮಿಷನ್ ಮೂಲಕ. ಅವರನ್ನು ದಾಟಿ ನೇರ ರಾಜಧಾನಿ ಆಸ್ಟಿನ್‌ಗೆ ಕಳಿಸಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪೆನ್ಸಿಲ್ವೇನಿಯಾ ಮತ್ತು ನಾರ್ತ್ ಕ್ಯಾರೊಲಿನಾದಲ್ಲಿ ಊರಿಗೆ ಮುಖ್ಯವಾದರೆ ಸಾಲದು, ರಾಜ್ಯದ ಮಟ್ಟದಲ್ಲಿ ತೂಕವಿದೆ ಎಂದು ತೋರಿಸಬೇಕು.

ನ್ಯೂಯಾರ್ಕ್‌ನ ನೀಲಿ-ಹಳದಿ ಫಲಕಗಳು 1926ರಲ್ಲಿ ರಾಜ್ಯದ ಹಣದಿಂದ ಶುರುವಾದವು. ಆ ಹಣ ನಿಂತು ಎಷ್ಟೋ ಕಾಲವಾಯಿತು. ಈಗ ಅಲ್ಲಿ ಹೆಚ್ಚಿನವರು ಹೋಗುವುದು ವಿಲಿಯಂ ಜಿ. ಪೊಮರಾಯ್ ಫೌಂಡೇಶನ್‌ನ ಅನುದಾನಕ್ಕೆ. ಅಲ್ಲಿ ವ್ಯಕ್ತಿಗಳು ಅರ್ಜಿ ಹಾಕುವಂತಿಲ್ಲ, ಊರಿನ ಆಡಳಿತವೋ ಲಾಭರಹಿತ ಸಂಸ್ಥೆಯೋ ಹಾಕಬೇಕು. ನ್ಯೂಯಾರ್ಕ್‌ನವರಿಗೆ ಇನ್ನೊಂದು ಅನುಕೂಲವಿದೆ. 1919ರ ಕಾನೂನಿನ ಪ್ರಕಾರ ಪ್ರತಿ ಊರಿಗೂ ಒಬ್ಬ ಅಧಿಕೃತ ಇತಿಹಾಸಕಾರರು ಇರಬೇಕು. ಮೊದಲ ಫೋನ್ ಅವರಿಗೇ ಮಾಡಿ.

ಗಡುವು ವರ್ಷಕ್ಕೊಮ್ಮೆ ಇರಬಹುದು, ಮೂರು ತಿಂಗಳಿಗೊಮ್ಮೆ ಇರಬಹುದು. ದಿನಾಂಕಗಳು ಬದಲಾಗುತ್ತಿರುತ್ತವೆ, ಹಾಗಾಗಿ ಆ ವರ್ಷದ ನಮೂನೆಯನ್ನೇ ಇಳಿಸಿಕೊಳ್ಳಿ.

3. ವಿಷಯವನ್ನು ಚಿಕ್ಕದು ಮಾಡಿ

"ನಮ್ಮ ಊರಿನ ಚರಿತ್ರೆ" ವಿಷಯವಲ್ಲ. ಒಂದು ಶಾಲೆ, ಒಂದು ಸೇತುವೆ, ಒಂದು ಮುಷ್ಕರ, ಒಬ್ಬ ವೈದ್ಯೆ ವಿಷಯ.

ವಯಸ್ಸಿನ ನಿಯಮವನ್ನೂ ಇಲ್ಲೇ ನೋಡಿಬಿಡಿ. ಟೆಕ್ಸಸ್‌ನಲ್ಲಿ ಸಾಮಾನ್ಯ ವಿಷಯಗಳಿಗೆ 50 ವರ್ಷ ಆಗಿರಬೇಕು, ಘಟನೆಗಳಿಗೆ 30 ವರ್ಷ, ವ್ಯಕ್ತಿ ತೀರಿಕೊಂಡು 10 ವರ್ಷ. ವರ್ಜೀನಿಯಾದಲ್ಲೂ 50 ವರ್ಷದ ನಿಯಮವಿದೆ, ಬದುಕಿರುವವರ ಮೇಲೆ ಫಲಕವಿಲ್ಲ.

ಮುಂದಿನ ಹಂತಗಳಲ್ಲಿ ಉದಾಹರಣೆಗೆ ಒಂದು ರೋಸೆನ್‌ವಾಲ್ಡ್ ಶಾಲೆಯನ್ನು ಇಟ್ಟುಕೊಳ್ಳುತ್ತೇನೆ. ಚಿಕಾಗೋದ ಸಿಯರ್ಸ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್ ಮತ್ತು ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬೂಕರ್ ಟಿ. ವಾಷಿಂಗ್ಟನ್ ಸೇರಿ ಹುಟ್ಟುಹಾಕಿದ ಯೋಜನೆ ಅದು. 1932ರ ಹೊತ್ತಿಗೆ ದಕ್ಷಿಣದ 15 ರಾಜ್ಯಗಳಲ್ಲಿ ಆಫ್ರಿಕನ್ ಅಮೆರಿಕನ್ ಮಕ್ಕಳಿಗಾಗಿ 4,977 ಶಾಲೆಗಳು ಎದ್ದವು. ಹಾಗಾಗಿ ದಕ್ಷಿಣದಲ್ಲಿರುವ ನಿಮ್ಮ ಕೌಂಟಿಯಲ್ಲೂ ಒಂದು ಇದ್ದಿರುವ ಸಾಧ್ಯತೆ ಜಾಸ್ತಿ.

4. ಸಾಕ್ಷಿ ಕಲೆಹಾಕಿ (ಅರ್ಧ ಸಮಯ ಇಲ್ಲೇ ಹೋಗಬೇಕು)

ಮಾರ್ಕರ್‌ಗೆ ಒಪ್ಪಿಗೆ ಕೊಡುವ ಆಯೋಗದವರು ಕೇಳುವುದು ಮೂಲ ದಾಖಲೆ. ಅಂದರೆ ಘಟನೆ ನಡೆದ ಕಾಲದಲ್ಲೇ ಹುಟ್ಟಿದ ಕಾಗದ. ವಿಕಿಪೀಡಿಯಾ, ಸಮಾಧಿಗಳ ಜಾಲತಾಣ, ಊರಿನ ಶತಮಾನೋತ್ಸವದ ಸ್ಮರಣ ಸಂಚಿಕೆ ಇವೆಲ್ಲ ದಾರಿ ತೋರಿಸುತ್ತವೆ ಅಷ್ಟೇ, ಅರ್ಜಿಗೆ ಸಾಲುವುದಿಲ್ಲ.

*ನೋಂದಣಿ ಪುಸ್ತಕ.* ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹಳೇ ಕ್ರಯಪತ್ರ ಹುಡುಕಿಸಿದವರಿಗೆ ಕೌಂಟಿ ಕೋರ್ಟ್‌ಹೌಸ್ ಸ್ವರ್ಗ. ಮಾರಿದವರ ಹೆಸರಿಗೊಂದು ಸೂಚಿ, ಕೊಂಡವರ ಹೆಸರಿಗೊಂದು ಸೂಚಿ ಇರುತ್ತದೆ. ಈಗಿನ ಮಾಲೀಕರಿಂದ ಶುರು ಮಾಡಿ ಹಿಂದಕ್ಕೆ ಒಬ್ಬೊಬ್ಬರನ್ನೇ ಹಿಡಿದು ಹೋಗಿ. ಪ್ರತಿ ಪತ್ರದ ಪುಸ್ತಕ ಸಂಖ್ಯೆ, ಪುಟ ಸಂಖ್ಯೆ ಬರೆದುಕೊಳ್ಳಿ. ರೋಸೆನ್‌ವಾಲ್ಡ್ ಶಾಲೆಗೆ ಕನಿಷ್ಠ ಎರಡು ಎಕರೆ ಜಾಗ ಬೇಕೆಂಬ ನಿಯಮವಿತ್ತು. ಆ ಎರಡು ಎಕರೆ ಶಾಲಾ ಮಂಡಳಿಯ ಹೆಸರಿಗೆ ಬಂದ ಪತ್ರ ಸಿಕ್ಕರೆ ಹಬ್ಬ. ಆದರೆ ಹುಷಾರು, ಕ್ರಯಪತ್ರ ಹೇಳುವುದು ಜಾಗದ ಕತೆ. ಕಟ್ಟಡ ಯಾವಾಗ ಎದ್ದಿತು ಎಂದು ಅದು ಹೇಳುವುದಿಲ್ಲ. ತೆರಿಗೆ ಪುಸ್ತಕದಲ್ಲಿ ಒಂದೇ ವರ್ಷದಲ್ಲಿ ಬೆಲೆ ದಿಢೀರ್ ಏರಿದ್ದರೆ ಆ ವರ್ಷದ ಸುತ್ತ ಹುಡುಕಿ. (ಶಾಲೆ, ಚರ್ಚುಗಳಿಗೆ ತೆರಿಗೆ ಇರುವುದಿಲ್ಲ, ಅಂಗಡಿ-ಮನೆಗಳಿಗೆ ಈ ಉಪಾಯ.)

*ಸ್ಯಾನ್‌ಬೋರ್ನ್ ನಕಾಶೆ.* ಬೆಂಕಿ ವಿಮೆಗಾಗಿ ಮಾಡಿದ ಪಟ್ಟಣಗಳ ನಕಾಶೆ ಇವು. ಲೈಬ್ರರಿ ಆಫ್ ಕಾಂಗ್ರೆಸ್ ಸಾವಿರಾರು ಹಾಳೆಗಳನ್ನು ಪುಕ್ಕಟೆ ತೋರಿಸುತ್ತದೆ. ಒಂದು ಇಂಚಿಗೆ 50 ಅಡಿ. ಹಳದಿ ಬಣ್ಣವೆಂದರೆ ಮರದ ಕಟ್ಟಡ, ಗುಲಾಬಿ ಎಂದರೆ ಇಟ್ಟಿಗೆ, ನೀಲಿ ಎಂದರೆ ಕಲ್ಲು. ‘ಡಿ’ ಎಂದು ಬರೆದಿದ್ದರೆ ವಾಸದ ಮನೆ, ‘ಎಸ್’ ಎಂದರೆ ಅಂಗಡಿ. ಒಂದು ಹಾಳೆಯಲ್ಲಿ ಹಳದಿ ಚೌಕವಿದ್ದ ಜಾಗದಲ್ಲಿ ಮುಂದಿನ ಹಾಳೆಯಲ್ಲಿ ಗುಲಾಬಿ ಚೌಕ ಕಂಡರೆ, ಆ ಎರಡು ವರ್ಷಗಳ ನಡುವೆ ಮರದ ಕಟ್ಟಡ ಹೋಗಿ ಇಟ್ಟಿಗೆಯದು ಬಂತು ಎಂದರ್ಥ. ಹಳ್ಳಿಗಾಡಿಗೆ ಇವು ಇರುವುದಿಲ್ಲ.

*ಪತ್ರಿಕೆ.* ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಹಳೇ ಪತ್ರಿಕೆಗಳನ್ನು ಪದ ಹಾಕಿ ಹುಡುಕಬಹುದು. ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. "ಮುಂದಿನ ತಿಂಗಳು ಶಾಲೆ ತೆರೆಯಲಿದೆ" ಎಂಬ ಸುದ್ದಿ, ಶಾಲೆ ತೆರೆಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಆದ ಮೇಲಿನ ಸುದ್ದಿ ಹುಡುಕಿ. "ಕಳೆದ ಮಂಗಳವಾರ" ಎಂದಿದ್ದರೆ ಪತ್ರಿಕೆಯ ದಿನಾಂಕ ಹಿಡಿದು ಕ್ಯಾಲೆಂಡರ್ ನೋಡಿ.

*ಜನಗಣತಿ.* 72 ವರ್ಷ ಕಳೆದ ಮೇಲಷ್ಟೇ ಹೆಸರುಗಳು ಹೊರಬರುತ್ತವೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಬಂತು. 1890ರದ್ದು ಬಹುತೇಕ ಇಲ್ಲ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಹಾಳಾಯಿತು. ಆ ವರ್ಷದ್ದಕ್ಕಾಗಿ ವಾರಗಟ್ಟಲೆ ಹುಡುಕಬೇಡಿ.

*ವಿಷಯಕ್ಕೇ ಮೀಸಲಾದ ಸಂಗ್ರಹ.* ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ರೋಸೆನ್‌ವಾಲ್ಡ್ ಶಾಲೆಗಳ ಕಾರ್ಡುಗಳಿವೆ, ಆನ್‌ಲೈನ್‌ನಲ್ಲೂ ನೋಡಬಹುದು. ಒಂದು ಕಾರ್ಡ್ ತೆರೆದು ನೋಡಿ. ಶಾಲೆಯ ಹೆಸರು, ಕೌಂಟಿ, ಎಷ್ಟು ಶಿಕ್ಷಕರ ಮಾದರಿ, ಎಷ್ಟು ಎಕರೆ, ಒಟ್ಟು ಖರ್ಚು. ಅದರ ಕೆಳಗೆ ಆ ಖರ್ಚು ಯಾರ್ಯಾರಿಂದ ಬಂತು ಎಂದು ಬೇರೆ ಬೇರೆ ಸಾಲು: ಕಪ್ಪು ಜನರಿಂದ ಇಷ್ಟು, ಬಿಳಿಯರಿಂದ ಇಷ್ಟು, ಸರ್ಕಾರದಿಂದ ಇಷ್ಟು, ರೋಸೆನ್‌ವಾಲ್ಡ್ ನಿಧಿಯಿಂದ ಇಷ್ಟು. "ಚಿಕಾಗೋದ ಶ್ರೀಮಂತರು ಕಟ್ಟಿಸಿಕೊಟ್ಟ ಶಾಲೆ" ಎಂದು ಬರೆಯಲು ಹೊರಟವರು ಈ ಸಾಲುಗಳನ್ನು ನೋಡಿದರೆ ಪೆನ್ನು ಕೆಳಗಿಡುತ್ತಾರೆ. ಕೂಲಿ ಮಾಡಿದ ಕುಟುಂಬಗಳು ಡಾಲರ್ ಡಾಲರ್ ಕೂಡಿಸಿ ಹಾಕಿದ ಲೆಕ್ಕ ಅಲ್ಲಿರುತ್ತದೆ. ಕಾರ್ಡಿನಲ್ಲಿರುವ ವರ್ಷ ಬಜೆಟ್ಟಿನ ವರ್ಷ, ಎರಡು ಕ್ಯಾಲೆಂಡರ್ ವರ್ಷಗಳಿಗೆ ಚಾಚಿರುತ್ತದೆ. ಪಾಠ ಶುರುವಾದ ದಿನ ಅದಲ್ಲ. ಅದಕ್ಕೆ ಶಾಲಾ ಮಂಡಳಿಯ ನಡಾವಳಿ ಪುಸ್ತಕ ನೋಡಬೇಕು.

*ಹಿರಿಯರ ನೆನಪು.* ಇದನ್ನು ಸುಮ್ನೆ ಪಕ್ಕಕ್ಕೆ ಸರಿಸಬೇಡಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳ ಬದುಕು ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಕಡಿಮೆ ಸಿಗುತ್ತದೆ. ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿ, ದಿನಾಂಕ ಬರೆಯಿರಿ. ಅಜ್ಜಿ ಹೇಳಿದ ಶಿಕ್ಷಕಿಯ ಹೆಸರನ್ನು ಜನಗಣತಿಯಲ್ಲೋ ಸಂಬಳದ ಪಟ್ಟಿಯಲ್ಲೋ ಹುಡುಕಿ ಜೋಡಿಸಿ. ಎರಡೂ ಸೇರಿದಾಗ ಗಟ್ಟಿ.

ಒಂದು ಬಗೆಯ ಪುಸ್ತಕದ ಬಗ್ಗೆ ಮಾತ್ರ ಎಚ್ಚರ. 1880ರ ಆಸುಪಾಸಿನ ದಪ್ಪ ದಪ್ಪ ಕೌಂಟಿ ಚರಿತ್ರೆಗಳಲ್ಲಿ ಗಣ್ಯರ ಜೀವನ ಪರಿಚಯಗಳಿರುತ್ತವೆ. ಎಷ್ಟೋ ಸಲ ಆ ಗಣ್ಯರೇ ದುಡ್ಡು ಕೊಟ್ಟು ಹಾಕಿಸಿಕೊಂಡದ್ದು ಅದು. ಹೊಗಳಿಕೆ ಯಾಕೆ ಅಷ್ಟು ಧಾರಾಳ ಅಂತ ಗೊತ್ತಾಯ್ತಲ್ವಾ?

5. ಮಾತಿಗೊಂದು ಸಾಲು, ಸಾಲಿಗೊಂದು ಸಾಕ್ಷಿ

ಸ್ಪ್ರೆಡ್‌ಶೀಟ್ ಕೆಲಸಕ್ಕೆ ಬರುವುದು ಈಗ. ಎಡಗಡೆ ಒಂದೊಂದೇ ಸಂಗತಿ: "1925ರಲ್ಲಿ ತೆರೆಯಿತು", "ಇಬ್ಬರು ಶಿಕ್ಷಕರು", "ಎರಡು ಎಕರೆ". ಬಲಗಡೆ ಅದರ ದಾಖಲೆ, ಪುಟ, ಫೋಟೊ ಕಡತದ ಹೆಸರು. ಬಲಗಡೆ ಖಾಲಿ ಇರುವ ಸಾಲುಗಳನ್ನು ಕೆಂಪು ಮಾಡಿ. ಗಡುವಿಗೆ ಎರಡು ವಾರ ಇರುವಾಗಲೂ ಕೆಂಪಾಗಿಯೇ ಇದ್ದರೆ ಆ ಸಾಲನ್ನು ಅಳಿಸಿ. ಅದು ಎಷ್ಟೇ ಚಂದದ ಕತೆಯಾಗಿರಲಿ.

ಚಂದದ ಕತೆಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿದೆ. 1839ರಲ್ಲಿ ಅಬ್ನರ್ ಡಬಲ್‌ಡೇ ಅಲ್ಲಿ ಬೇಸ್‌ಬಾಲ್ ಕಂಡುಹಿಡಿದ ಎಂದು ಒಂದು ಸಮಿತಿ 1907ರಲ್ಲಿ ತೀರ್ಮಾನಿಸಿತು. ಒಬ್ಬ ಮುದುಕರ ನೆನಪಿನ ಪತ್ರವೇ ಆಧಾರ. ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ. ಬೆಟ್ಸಿ ರಾಸ್ ಎಂಬಾಕೆ ಅಮೆರಿಕದ ಮೊದಲ ಧ್ವಜ ಹೊಲಿದ ಕತೆಯನ್ನು ಜನರ ಮುಂದೆ ಇಟ್ಟದ್ದು ಆಕೆಯ ಮೊಮ್ಮಗ, 1870ರಲ್ಲಿ. ಆಕೆಯ ಕಾಲದ ಕಾಗದ ಯಾವುದೂ ಅದನ್ನು ಹೇಳುವುದಿಲ್ಲ.

ಕೆಂಪು ದೀಪ ಹೊತ್ತಿಸಬೇಕಾದ ಪದಗಳು: ಮೊದಲ, ಅತಿ ಹಳೆಯ, ಏಕೈಕ. "ಕೌಂಟಿಯ ಮೊದಲ ಶಾಲೆ" ಎಂದು ಸಾಬೀತು ಮಾಡಲು ಕೌಂಟಿಯ ಉಳಿದ ಎಲ್ಲ ಶಾಲೆಗಳ ದಿನಾಂಕ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ಪದ ಬೇಡ.

6. ಜಾಗ ಯಾರದು ಎಂದು ಬರಹದಲ್ಲಿ ಪಡೆಯಿರಿ

ನಾವು ಕೆಟ್ಟದ್ದು ಇಲ್ಲೇ. ಅಂಗಡಿಯ ಮುಂದಿನ ಹುಲ್ಲಿನ ಪಟ್ಟಿಯಲ್ಲಿ ಫಲಕ ಎಂದುಕೊಂಡು ಅಂಗಡಿಯವರ ಸಹಿ ಪಡೆದೆವು, ಅರ್ಜಿ ಕಳಿಸಿದೆವು. ಆ ಹುಲ್ಲಿನ ಪಟ್ಟಿ ಅವರದ್ದಾಗಿರಲಿಲ್ಲ, ರಸ್ತೆ ಇಲಾಖೆಯದ್ದಾಗಿತ್ತು. ಹುಲ್ಲು ಕತ್ತರಿಸುವವರೇ ಮಾಲೀಕರು ಎಂದು ನಾವೂ ನಂಬಿದ್ದೆವು, ಪಾಪ ಅವರೂ ನಂಬಿದ್ದರು. ಎಲ್ಲ ಮತ್ತೆ ಮೊದಲಿಂದ.

ಯಾವ ಜಾಗ ಯಾರದು ಎಂದು ತೋರಿಸುವ ಕೌಂಟಿಯ ಪಾರ್ಸೆಲ್ ನಕಾಶೆಯಲ್ಲಿ ಗಡಿ ನೋಡಿ. ರಸ್ತೆಗೆ ಸೇರಿದ ಜಾಗವಾದರೆ ರಾಜ್ಯದ ಸಾರಿಗೆ ಇಲಾಖೆಯ ಅನುಮತಿ, ಖಾಸಗಿಯಾದರೆ ಮಾಲೀಕರ ಸಹಿಯ ಪತ್ರ. ಕಾರು ನಿಲ್ಲಿಸಲು ಜಾಗವಿದೆಯಾ ಎಂದೂ ನೋಡಿ. ವೇಗದ ರಸ್ತೆಯ ತಿರುವಿನಲ್ಲಿ ಓದಲಾಗದ ಫಲಕದಿಂದ ಏನೂ ಉಪಯೋಗವಿಲ್ಲ.

ಕಟ್ಟಡದ ಮಾಲೀಕರಿಗೆ ಎರಡು ವಿಷಯ ಮೊದಲೇ ಹೇಳಿ. ಸಾಮಾನ್ಯ ಮಾರ್ಕರ್ ಬಂದ ಮಾತ್ರಕ್ಕೆ ಕಟ್ಟಡಕ್ಕೆ ರಕ್ಷಣೆ ಸಿಗುವುದಿಲ್ಲ. ಆದರೆ ಟೆಕ್ಸಸ್‌ನ ರೆಕಾರ್ಡೆಡ್ ಲ್ಯಾಂಡ್‌ಮಾರ್ಕ್ ಎಂಬ ಬಗೆಯದು ಬಂದರೆ, ಹೊರಗಡೆ ಬದಲಾವಣೆ ಮಾಡುವ 60 ದಿನ ಮೊದಲು ರಾಜ್ಯಕ್ಕೆ ತಿಳಿಸಬೇಕು. ಇದನ್ನು ಮುಚ್ಚಿಟ್ಟು ಸಹಿ ಪಡೆದರೆ ಆಮೇಲೆ ಜಗಳ ಖಂಡಿತ.

ಶಾಲೆ ಇದ್ದ ಜಾಗದಿಂದ ಫಲಕದ ಜಾಗಕ್ಕೆ ಟೇಪ್ ಹಿಡಿದು ಅಳೆಯಿರಿ. "ಇಲ್ಲಿಂದ 200 ಅಡಿ ಉತ್ತರಕ್ಕೆ" ಎಂಬ ಮಾತು ಮುಂದಿನ ಹಂತಕ್ಕೆ ಬೇಕು. ಬರಹಕ್ಕೆ ಮೊದಲು ಜಾಗ ನಿಲ್ಲಬೇಕು ಎಂದದ್ದು ಇದಕ್ಕೇ.

7. ಈಗ ಬರೆಯಿರಿ, ಸುಮಾರು ನೂರು ಪದ

ವರ್ಜೀನಿಯಾದಲ್ಲಿ ಮಿತಿ ಸುಮಾರು 100 ಪದ. ನಾರ್ತ್ ಕ್ಯಾರೊಲಿನಾದಲ್ಲಿ ನಾಲ್ಕೈದು ಚಿಕ್ಕ ಸಾಲು ಸಿಕ್ಕರೆ ಪುಣ್ಯ. ಟೆಕ್ಸಸ್‌ನಲ್ಲಿ ಬರಹವನ್ನು ಆಯೋಗದ ಸಿಬ್ಬಂದಿಯೇ ಬರೆಯುತ್ತಾರೆ, ನೀವು ಕೊಡಬೇಕಾದ್ದು ಅಡಿಟಿಪ್ಪಣಿ ಸಮೇತ ಉದ್ದದ ನಿರೂಪಣೆ. ಟೆಕ್ಸಸ್‌ನವರು ಕವಿತೆಯಂಥ ಕರಡು ಕಳಿಸಿ ಬೇಜಾರು ಮಾಡಿಕೊಳ್ಳಬೇಡಿ.

ಬರಹ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಲ್ಲಿ ಅರ್ಥಕ್ಕಾಗಿ ಕನ್ನಡದಲ್ಲಿ ಒಂದು ಕಲ್ಪಿತ ಕರಡು ಕೊಡುತ್ತೇನೆ:

"ಈ ಪುಣ್ಯಸ್ಥಳದಲ್ಲಿ ನಮ್ಮ ಕೌಂಟಿಯ ಮೊಟ್ಟಮೊದಲ ಕಪ್ಪು ಮಕ್ಕಳ ಶಾಲೆ ಹೆಮ್ಮೆಯಿಂದ ನಿಂತಿತ್ತು. ದಾನಶೂರ ರೋಸೆನ್‌ವಾಲ್ಡ್ ಕಟ್ಟಿಸಿಕೊಟ್ಟ ಈ ಶಾಲೆ ಸಾವಿರಾರು ಮಕ್ಕಳ ಬಾಳಿಗೆ ಬೆಳಕಾಯಿತು."

ಇದರಲ್ಲಿ ಸ್ಪ್ರೆಡ್‌ಶೀಟ್ ಒಪ್ಪುವ ಒಂದೇ ಒಂದು ಸಂಗತಿಯಿಲ್ಲ. ಇಸವಿ ಇಲ್ಲ, ಜಾಗ ಇಲ್ಲ. ಸಾವಿರಾರು ಎಂದು ಎಣಿಸಿದವರು ಯಾರು? ಅದೇ ಜಾಗದಲ್ಲಿ ಇದನ್ನು ಇಟ್ಟು ನೋಡಿ:

"ಇಲ್ಲಿಂದ 200 ಅಡಿ ಉತ್ತರಕ್ಕೆ ಆಫ್ರಿಕನ್ ಅಮೆರಿಕನ್ ಮಕ್ಕಳ ಎರಡು ಕೋಣೆಯ ಶಾಲೆಯೊಂದು 1925ರಲ್ಲಿ ತೆರೆಯಿತು. ಊರಿನ ಕಪ್ಪು ಕುಟುಂಬಗಳು, ಕೌಂಟಿ ಮತ್ತು ರೋಸೆನ್‌ವಾಲ್ಡ್ ನಿಧಿ ಸೇರಿ ಹಣ ಹಾಕಿದವು. ಕಟ್ಟಡದ ಮರ ಸಾಗಿಸಿದ್ದು ಪೋಷಕರು."

ಮರ ಸಾಗಿಸಿದ ಸಂಗತಿಗೆ ಸಾಕ್ಷಿ ಇದ್ದರೆ ಮಾತ್ರ ಅದು ಉಳಿಯುತ್ತದೆ. ಉಳಿದರೆ, ದಾರಿಹೋಕರಿಗೆ ನೆನಪಿರುವುದೂ ಅದೇ.

ಪದಗಳ ಆಯ್ಕೆ ಇನ್ನೂ ದೊಡ್ಡ ವಿಷಯ. ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ 1873ರ ಏಪ್ರಿಲ್ 13ರಂದು ಬಿಳಿಯರ ಗುಂಪೊಂದು ಕಪ್ಪು ಜನರ ಹತ್ಯಾಕಾಂಡ ನಡೆಸಿತು. 1950ರ ಸುಮಾರಿಗೆ ಅಲ್ಲಿ ನಿಂತ ಸರ್ಕಾರಿ ಫಲಕ ಅದನ್ನು ‘ಗಲಭೆ’ ಎಂದು ಕರೆಯಿತು, ಅದರಿಂದ ದಕ್ಷಿಣದ ದುರಾಡಳಿತ ಕೊನೆಯಾಯಿತು ಎಂದೂ ಬರೆಯಿತು. ಆ ಫಲಕವನ್ನು ಕಿತ್ತದ್ದು 2021ರಲ್ಲಿ. ಕೊಲರಾಡೋ ರಾಜಧಾನಿಯಲ್ಲಿ 1909ರ ಸ್ಮಾರಕವೊಂದು 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡವನ್ನು ಯುದ್ಧಗಳ ಪಟ್ಟಿಯಲ್ಲಿ ಸೇರಿಸಿತ್ತು. ಅದನ್ನು ತಿದ್ದುವ ಫಲಕ ಬಂದದ್ದು 2002ರಲ್ಲಿ. ನಿಮ್ಮ ವಿಷಯದಲ್ಲಿ ಮೂಲನಿವಾಸಿ ಬುಡಕಟ್ಟೊಂದರ ಹೆಸರು ಬರುತ್ತಿದ್ದರೆ, ಆ ಬುಡಕಟ್ಟಿನ ಪರಂಪರೆ ಸಂರಕ್ಷಣಾ ಕಚೇರಿಗೆ ಕರಡು ಕಳಿಸಿ. ಅರ್ಜಿ ಹೋದ ಮೇಲಲ್ಲ, ಮೊದಲೇ.

8. ಎರಕಕ್ಕೆ ಮೊದಲಿನ ಪ್ರೂಫ್

ಒಪ್ಪಿಗೆ ಬಂದ ಮೇಲೆ ಫಲಕ ಎರಕದ ಕಾರ್ಖಾನೆಗೆ ಹೋಗುತ್ತದೆ. ಎಷ್ಟೋ ರಾಜ್ಯಗಳ ಅಲ್ಯೂಮಿನಿಯಂ ಫಲಕಗಳು ತಯಾರಾಗುವುದು ಒಹಾಯೋದ ಮರಿಯೆಟಾದಲ್ಲಿರುವ ಸೀವಾ ಸ್ಟುಡಿಯೋಸ್‌ನಲ್ಲಿ. 1927ರಿಂದ ಅದೇ ಕೆಲಸ ಮಾಡುತ್ತಿದ್ದಾರೆ. (ಸ್ಥಾಪಕರ ಮನೆತನದ ಹೆಸರು ಹಾಸ್. ಅದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದರೆ ಕಂಪನಿಯ ಹೆಸರು!)

ಅಕ್ಷರ ಉಬ್ಬಾಗಿ ಫಲಕದ ಜೊತೆಗೇ ಎರಕವಾಗುತ್ತದೆ. ತಪ್ಪಿದ್ದರೆ ಬಣ್ಣ ಬಳಿದು ತಿದ್ದಲಾಗದು, ಫಲಕವನ್ನೇ ಮತ್ತೆ ಮಾಡಿಸಬೇಕು. ಎರಕಕ್ಕೆ ಮೊದಲು ಪರಿಶೀಲಿಸಲು ಬರುವ ಪ್ರತಿಯೇ ಪ್ರೂಫ್. ಅಂಥ ಒಂದನ್ನು ನಾವು ಐದು ಜನ ದೊಡ್ಡವರು ಓದಿ ಸಹಿ ಹಾಕಲು ಕೂತಿದ್ದೆವು. 1889 ಇರಬೇಕಾದಲ್ಲಿ 1898 ಇತ್ತು. ಹಿಡಿದದ್ದು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಹತ್ತು ವರ್ಷದ ಹುಡುಗಿ. ಅವಳ ಕೈಗೆ ಪಟ್ಟಿ ಕೊಟ್ಟು ಅಂಕಿ ಮಾತ್ರ ಒಂದೊಂದಾಗಿ ಜೋರಾಗಿ ಓದಿಸಿದ್ದೆವು. ಅಂದಿನಿಂದ ಅದೇ ಪದ್ಧತಿ: ಒಬ್ಬರು ಮೂಲ ದಾಖಲೆ ಹಿಡಿಯಬೇಕು, ಇನ್ನೊಬ್ಬರು ಪ್ರೂಫಿನ ಅಂಕಿ ಓದಬೇಕು. ಹೆಸರುಗಳನ್ನು ಅಕ್ಷರ ಬಿಡಿಸಿ ಓದಿ.

ಫಲಕ ಕೈಗೆ ಬರುವವರೆಗೆ ಅನಾವರಣದ ದಿನ ಗೊತ್ತುಮಾಡಬೇಡಿ, ಆಮಂತ್ರಣವನ್ನೂ ಅಚ್ಚು ಹಾಕಿಸಬೇಡಿ. ಕಾರ್ಖಾನೆಯ ಸರದಿ ತಿಂಗಳುಗಟ್ಟಲೆ ಇರುತ್ತದೆ.

9. ನಿಲ್ಲಿಸುವುದು, ನೋಡಿಕೊಳ್ಳುವುದು

ಗುಂಡಿ ತೋಡುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ. ನೆಲದಡಿಯ ಗ್ಯಾಸ್, ಕರೆಂಟ್, ಕೇಬಲ್ ಎಲ್ಲಿವೆ ಎಂದು ಬಂದು ಬಣ್ಣದ ಗುರುತು ಹಾಕಿ ಹೋಗುತ್ತಾರೆ, ಪುಕ್ಕಟೆ. ಚಳಿ ಪ್ರದೇಶಗಳಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಕಂಬ ಇಳಿಯಬೇಕು. ಇಲ್ಲದಿದ್ದರೆ ಎರಡು ಚಳಿಗಾಲದಲ್ಲಿ ವಾಲುತ್ತದೆ.

ಯಾರಾದರೂ ಹಾಳು ಮಾಡಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1955ರಲ್ಲಿ ಕೊಲೆಯಾದ 14 ವರ್ಷದ ಎಮ್ಮೆಟ್ ಟಿಲ್‌ನ ದೇಹ ಸಿಕ್ಕ ಮಿಸಿಸಿಪ್ಪಿಯ ನದಿ ದಡದ ಫಲಕವನ್ನು 2008ರಲ್ಲಿ ಕದ್ದರು. ಆಮೇಲೆ ಹಾಕಿದವುಗಳ ಮೇಲೆ ಗುಂಡು ಹಾರಿಸಿದರು. 2019ರಲ್ಲಿ ನಿಲ್ಲಿಸಿದ ನಾಲ್ಕನೆಯದು ಗುಂಡು ತೂರದ್ದು, 500 ಪೌಂಡಿಗೂ ಜಾಸ್ತಿ ಭಾರ. ನಿಮ್ಮ ವಿಷಯ ಯಾರಿಗಾದರೂ ಚುಚ್ಚುವಂಥದ್ದಾದರೆ ನಿರ್ಜನ ಜಾಗಕ್ಕಿಂತ ದೀಪ ಮತ್ತು ಓಡಾಟ ಇರುವ ಕಡೆ ಇಡಿ. ಬದಲಿ ಫಲಕದ ಹಣವನ್ನೂ ಮೊದಲೇ ಎತ್ತಿಡಿ.

ವರ್ಷಕ್ಕೊಮ್ಮೆ ಸೌಮ್ಯವಾದ ಸೋಪು ನೀರು, ಮೆತ್ತನೆಯ ಬಟ್ಟೆ ಸಾಕು. ತಂತಿ ಬ್ರಷ್ ಮತ್ತು ಒತ್ತಡದ ನೀರಿನ ಯಂತ್ರ ಬಣ್ಣ ಎಬ್ಬಿಸುತ್ತವೆ. ಬಣ್ಣ ಹೋಗಿದ್ದರೆ ಅಂಗಡಿಯ ಡಬ್ಬಿ ತಂದು ನೀವೇ ಬಳಿಯಬೇಡಿ, ಫಲಕದ ಸಂಖ್ಯೆ ಮತ್ತು ಫೋಟೊ ಹಾಕಿ ಆಯೋಗಕ್ಕೆ ಬರೆಯಿರಿ. ಹೊಸ ಫಲಕ ನಿಂತ ದಿನವೇ ಎರಡೂ ಬದಿಯ ಫೋಟೊ ತೆಗೆದು ಡೇಟಾಬೇಸ್‌ಗೆ ಹಾಕಿ, ದೂರದಿಂದ ರಸ್ತೆಯ ಸಮೇತ ಒಂದು ಚಿತ್ರವೂ ಇರಲಿ. ಯಾವುದೋ ಟ್ರಕ್ ಗುದ್ದಿ ಕಂಬ ಮಾತ್ರ ಉಳಿದರೆ, ಬದಲಿ ಫಲಕದ ಅರ್ಜಿಗೆ ಮೊದಲು ಕೇಳುವುದು ಅದೇ ಚಿತ್ರಗಳನ್ನು.